ಸಾಕೆಟಲ್ಲಿ ಲೈನ್ ಮುಗಿಯುದು ಎಲ್ಲಿ ಮಾರಾಯ್ರೆ?

ಉಡುಪಿಯಲ್ಲಿ ಹೊಸದಾಗಿ ಕೋಡಿಂಗ್ ಕೆಲಸಕ್ಕೆ ಸೇರಿದವರೆಲ್ಲ ನನ್ನ ಹತ್ರ ಕೇಳುದು ಇದನ್ನೇ, ಸಾಕೆಟಿಂದ, ಅಂದ್ರೆ ನೆಟ್‌ವರ್ಕಲ್ಲಿ ಇನ್ನೊಂದು ಪ್ರೋಗ್ರಾಮಿನ ಜೊತೆ ಮಾತಾಡುವ ಕೊಂಡಿಯಿಂದ, ಓದುವಾಗ ಕೆಲವು ಲೈನ್ ಸಿಆರ್‌ಎಲ್‌ಎಫಲ್ಲಿ (ಸಿಆರ್ ಅಂದ್ರೆ 13ನೇ ನಂಬರಿನ ಬೈಟ್, ಎಲ್‌ಎಫ್ ಅಂದ್ರೆ 10ನೇದು, ಎರಡೂ ಲೈನ್ ಮುಗಿಸುವ ಗುರುತು) ಮುಗೀತದೆ, ಕೆಲವು ಬರೀ ಎಲ್‌ಎಫ್, ಕೆಲವು ಬರೀ ಸಿಆರ್, ಎಂತ ಮಾಡುದು, ಎಲ್ಲವನ್ನೂ ಎಲ್‌ಎಫ್ ಮಾಡುವ ಒಂದು ರಿಪ್ಲೇಸ್ ಹಾಕಿದ್ರೆ ಸಾಲದಾ ಅಂತ. ಫೈಲಿಗಾದ್ರೆ ಸಾಕು. ಸಾಕೆಟಿಗೆ ಸಾಲುದಿಲ್ಲ.

ನನಗೆ ಬುದ್ಧಿ ಬಂದದ್ದು ಮಲ್ಪೆ ಬಂದರಲ್ಲಿ. ಮೀನು ತೂಗುವ ಮೂರು ಮೆಷಿನ್, ಎಲ್ಲದರ ತೂಕವೂ ನೆಟ್‌ವರ್ಕಲ್ಲಿ ನನ್ನ ಪ್ರೋಗ್ರಾಮಿಗೆ ಬರ್ಬೇಕು. ಎರಡು ಮೆಷಿನ್ 13, 10 ಅಂತ ಎರಡು ಬೈಟ್ ಕಳಿಸ್ತಿತ್ತು, ಹಳೇದೊಂದು ಬರೀ 13, ಅಂದ್ರೆ ಸಿಆರ್ ಮಾತ್ರ. ನಾನು ದೊಡ್ಡ ಜಾಣನ ಹಾಗೆ, ಸಿಆರ್ ಸಿಕ್ಕಿದ ಕೂಡ್ಲೇ ಅದರ ಬೆನ್ನಿಗೆ ಎಲ್‌ಎಫ್ ಉಂಟಾ ನೋಡುವ ಅಂತ ಇನ್ನೊಂದು ಬೈಟ್ ಓದ್ಲಿಕ್ಕೆ ಹೇಳಿದ್ದೆ. ಆ ಬೈಟ್ ಬಂದ್ರಲ್ವಾ! ಪ್ರೋಗ್ರಾಮ್ ಅಲ್ಲೇ ಕೂತಿತು, ಮುಂದಿನ ಬುಟ್ಟಿ ಇಟ್ಟ ಮೇಲೆಯೇ ಹಿಂದಿನ ತೂಕ ಕಾಣುದು, ಹಾಗಾಗಿ ಬಂಗುಡೆ ತೂಕ ಅಂಜಲಿನ ಲೆಕ್ಕಕ್ಕೆ ಹೋಯ್ತು, ಮತ್ತೆ ಬೈಗುಳ ಯಾರಿಗೆ ಅಂತ ಹೇಳ್ಬೇಕಾ.

ಸರಿ ದಾರಿ ಕಾಯುದಲ್ಲ. ಸಿಆರ್ ಬಂತಾ, ಲೈನ್ ಕೊಟ್ಟುಬಿಡಿ, ಈಗಷ್ಟೇ ಸಿಆರ್ ಬಂತು ಅಂತ ಒಂದು ಫ್ಲ್ಯಾಗ್ (ನೆನಪಿನ ಗುರುತು) ಹಾಕಿಡಿ, ಮುಂದಿನ ಬೈಟ್ ಯಾವಾಗ ಬಂದ್ರೂ ಅದು ಎಲ್‌ಎಫ್ ಆದ್ರೆ ನುಂಗಿ, ಇಲ್ಲದಿದ್ರೆ ಹೊಸ ಲೈನಿನ ಶುರು. ಜಾವಾದ ಬಫರ್ಡ್‌ರೀಡರ್ ಕೂಡ ಹೀಗೇ ಮಾಡುದು. ಫ್ಲ್ಯಾಗ್ ಮಾತ್ರ ಕನೆಕ್ಷನ್ ಜೊತೆ ಇರ್ಬೇಕು, ಫಂಕ್ಷನ್ ಒಳಗೆ ಇಟ್ರೆ ಪ್ರತಿ ಸಲ ಮರ್ತು ಹೋಗ್ತದೆ. ಯಾಕಂದ್ರೆ ಸಾಕೆಟಿನ ಬೈಟ್ ಸಾಗಿಸುವ ಟಿಸಿಪಿಗೆ ಲೈನೂ ಗೊತ್ತಿಲ್ಲ, ಮೆಸೇಜೂ ಗೊತ್ತಿಲ್ಲ, ಸಿಆರ್ ಈ ರಿಸೀವಿನ ಕೊನೆಗೆ, ಎಲ್‌ಎಫ್ ಮುಂದಿನದ್ದರ ತಲೆಗೆ ಬರ್ಬಹುದು, ರಿಪ್ಲೇಸ್ ನಂಬಿದ್ರೆ ನಡುವೆ ಒಂದು ಖಾಲಿ ಲೈನ್ ಹುಟ್ತದೆ. ವೆಬ್ ಪೇಜ್ ತರುವ ಎಚ್‌ಟಿಟಿಪಿಯಲ್ಲಿ ಖಾಲಿ ಲೈನ್ ಅಂದ್ರೆ ಹೆಡರ್ (ಶುರುವಿನ ವಿವರದ ಭಾಗ) ಮುಗೀತು ಅಂತ ಅರ್ಥ!

ಹಾಗಂತ ಎಲ್ಲಾ ಕಡೆ ಇಷ್ಟು ಧಾರಾಳ ಬೇಡ. ಎಚ್‌ಟಿಟಿಪಿಯ 2022ರ ನಿಯಮಪತ್ರ ಆರ್‌ಎಫ್‌ಸಿ 9112 ಒಂಟಿ ಎಲ್‌ಎಫನ್ನು ಒಪ್ಪಬಹುದು ಅಂತದೆ, ಒಂಟಿ ಸಿಆರನ್ನು ಲೈನಿನ ಕೊನೆ ಅಂತ ಒಪ್ಪುದಿಲ್ಲ. ಇ-ಮೇಲ್ ಕಳಿಸುವ ಎಸ್‌ಎಂಟಿಪಿಯಲ್ಲಂತೂ ಸಿಆರ್‌ಎಲ್‌ಎಫ್ ಬಿಟ್ರೆ ಬೇರೆ ಇಲ್ಲ. 2023ರ ಡಿಸೆಂಬರಲ್ಲಿ ಎಸ್‌ಎಂಟಿಪಿ ಸ್ಮಗ್ಲಿಂಗ್ ಅಂತ ಗಲಾಟೆ ಆದದ್ದು ಇದರಿಂದಲೇ, ಮೇಲ್ ಎಲ್ಲಿ ಮುಗೀತು ಅನ್ನುವುದರಲ್ಲಿ ಎರಡು ಸರ್ವರಿಗೆ ಒಮ್ಮತ ಇರ್ಲಿಲ್ಲ, ನಡುವಲ್ಲಿ ಕಳ್ಳ ಮೇಲ್ ತೂರಿಸ್ಲಿಕ್ಕೆ ಜಾಗ ಸಿಕ್ಕಿತು. ತೂಕದ ಮೆಷಿನಿಗೆ ಕೊಡುವ ಸಲಿಗೆ ಮೇಲ್ ಸರ್ವರಿಗೆ ಕೊಡ್ಬೇಡಿ.

ಮತ್ತೆ ಲೈನಿನ ಉದ್ದಕ್ಕೊಂದು ಮಿತಿ ಹಾಕಿ, ಮುಗಿಯದ ಲೈನ್ ಕಳಿಸುವವನೊಬ್ಬ ಬಂದ್ರೆ ಮೆಮೊರಿ ಪೂರ್ತಿ ಅವನದ್ದೇ. ಕಳಿಸುವಾಗ ಸಿಆರ್‌ಎಲ್‌ಎಫನ್ನು ಕೈಯಾರೆ ಬರೆಯಿರಿ, ಲಿನಕ್ಸಲ್ಲಿ ಜಾವಾದ ಪ್ರಿಂಟ್‌ಎಲ್‌ಎನ್ ಕಳಿಸುದು ಬರೀ ಎಲ್‌ಎಫ್.