ಫೋಟೋದಲ್ಲಿ ಮಂಗ ಇಲ್ಲ

ಮೊನ್ನೆ ಆಫೀಸಿಗೆ ವಾರ್ಷಿಕ ವರದಿಯ ಬಂಡಲ್ ಬಂತು. ಎರಡು ವರ್ಷದ್ದು ಒಟ್ಟಿಗೇ ಪ್ರಿಂಟ್ ಮಾಡ್ಸಿದಾರೆ, ದುಡ್ಡು ಉಳೀಲಿ ಅಂತ. ಒಳಗೆ ಒಂದು ಪುಟದಲ್ಲಿ ನಮ್ಮ ಹಳೇ ಬ್ಯಾಚಿನ ಇಬ್ಬರು ಹುಡುಗರ ಫೋಟೋ, ಹಿಂದೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು), ಕೆಳಗೆ ಕ್ಯಾಪ್ಷನ್ "ತರಬೇತಿಯ ನಂತರವೂ ಸಮುದಾಯದೊಂದಿಗೆ ನಿರಂತರ ಸಂಪರ್ಕ". ಫೋಟೋದ ಕೆಳಗಿನ ಅರ್ಧ ಕತ್ತರಿಸಿದಾರೆ. ಅಲ್ಲಿ ಒಂದು ಸತ್ತ ಮಂಗ ಇತ್ತು.

ಮೊದಲು ನಗು ಬಂತು, ಊಟ ಮಾಡ್ತಾ ಮಾಡ್ತಾ ಸಿಟ್ಟು ಬಂತು, ಹಾಗಾಗಿ ಬರೀತಿದೀನಿ.

ನಾನು ಶಿರಸಿಯ ಒಂದು ಸಂಸ್ಥೆಯಲ್ಲಿ ಫೀಲ್ಡ್ ಕೋಆರ್ಡಿನೇಟರ್. ಶಿರಸಿ, ಸಿದ್ದಾಪುರ ಕಡೆ ಹಳ್ಳಿಗಳ ಹುಡುಗ ಹುಡುಗಿಯರಿಗೆ ಸ್ಥಳೀಯ ನಾಯಕತ್ವ ತರಬೇತಿ ಕೊಡ್ತೀವಿ. ಗ್ರಾಮ ಸಭೆಯಲ್ಲಿ ಎದ್ದು ಮಾತಾಡೋದು, ಅರ್ಜಿ ಬರೆಯೋದು, ಪಂಚಾಯ್ತಿಯ ಕ್ರಿಯಾ ಯೋಜನೆ ಓದೋದು, ಆರ್‌ಟಿಐ ಹಾಕೋದು. ತರಬೇತಿ ಚೆನ್ನಾಗೇ ಇದೆ. ತಕರಾರು ಇರೋದು ಆಮೇಲಿನದರ ಬಗ್ಗೆ. ಸರ್ಟಿಫಿಕೇಟ್ ಕೊಟ್ಟ ಮಾರನೇ ದಿನಕ್ಕೆ ಅವರೆಲ್ಲ ಆಲುಮ್ನಿ, ಅಂದ್ರೆ ಹಳೇ ವಿದ್ಯಾರ್ಥಿಗಳು ಆಗ್ತಾರೆ, ಎಂಪಿಆರ್‌ನಲ್ಲಿ, ಅಂದ್ರೆ ತಿಂಗಳ ಪ್ರಗತಿ ವರದಿಯಲ್ಲಿ, ಅವರಿಗೊಂದು ಕಾಲಮ್ ಬರತ್ತೆ, ಆ ಕಾಲಮ್ ತುಂಬೋದು ನನ್ನ ತಲೆಬಿಸಿ.

ನಮ್ಮ ಸಂಸ್ಥೆಯ ಆ್ಯಪ್ ಪ್ರಕಾರ ತಿಂಗಳಿಗೆ ಒಂದು ಚಟುವಟಿಕೆಯ ಜಿಯೋಟ್ಯಾಗ್ (ಜಾಗದ ಗುರುತು ಇರೋ) ಫೋಟೋ ಹಾಕಿದವ್ರು ಆಕ್ಟಿವ್, ಉಳಿದವ್ರು ಇನಾಕ್ಟಿವ್. ಬಸ್ ಸ್ಟ್ಯಾಂಡ್ ಗುಡಿಸಿದ್ರೆ ಆಕ್ಟಿವ್, ಶಾಲೆಯಲ್ಲಿ ಗಿಡ ನೆಟ್ರೆ ಆಕ್ಟಿವ್, ಮುಂದಿನ ವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಗಿಡ ನೆಟ್ರೂ ಆಕ್ಟಿವ್. ಎರಡನೇ ಬ್ಯಾಚಿನ ಒಬ್ಳು ಹಾಲಿನ ಡೇರಿಯಲ್ಲಿ ಫ್ಯಾಟ್ ಲೆಕ್ಕ ತಪ್ಪಾಗ್ತಿದ್ದದ್ದನ್ನ ಹಿಡಿದು, ಸೆಕ್ರೆಟರಿ ಹತ್ರ ಕೂತು ಸರಿ ಮಾಡಿಸಿದ್ಲು, ಊರಿಗೆಲ್ಲ ಉಪಕಾರ ಆಯ್ತು. ಅದರ ಫೋಟೋ ಎಂತ ತೆಗೀತಾಳೆ? ಇನಾಕ್ಟಿವ್.

ನಾನೂ ಆ ಆಟಕ್ಕೆ ಹೊಂದಿಕೊಂಡಿದ್ದೆ. ಎಲ್ಲ ಬ್ಯಾಚುಗಳನ್ನ ಒಂದೇ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ, ದಿನಾ ನೂರಾರು ಮೆಸೇಜು, ಡೋನರ್ ವಿಸಿಟ್ ಬಂದಾಗ ಮೊಬೈಲ್ ತೆಗೆದು ಸ್ಕ್ರೋಲ್ ಮಾಡಿ ತೋರಿಸ್ತಿದ್ದೆ, ನೋಡಿ ಸರ್ ಎಷ್ಟು ಲೈವ್ ಇದೆ ಅಂತ. ಅದ್ರಲ್ಲಿ ಮುಕ್ಕಾಲು ಪಾಲು ಶುಭೋದಯ.

2024ರ ಫೆಬ್ರವರಿ. ಸಿದ್ದಾಪುರ ತಾಲೂಕಲ್ಲಿ ಮಂಗನ ಕಾಯಿಲೆ, ಅಂದ್ರೆ ಕಾಡಲ್ಲಿ ಉಣುಗು ಅನ್ನೋ ರಕ್ತ ಹೀರೋ ಹುಳ ಕಚ್ಚಿ ಬರೋ ಜ್ವರ, ಜೋರಾಗಿತ್ತು, ಸಾವೂ ಆಗಿತ್ತು. ನಮ್ಮ ಕಡೆಯವರಿಗೆ ಹೊಸ ರೋಗ ಏನಲ್ಲ, 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಸಿಕ್ಕಿದ್ದು. ಆದ್ರೆ ಹಳೇ ಲಸಿಕೆ ಅಷ್ಟೊತ್ತಿಗೆ ನಿಂತು ಹೋಗಿತ್ತು, ಇದಕ್ಕೇ ಅಂತ ಔಷಧಿ ಇಲ್ಲ, ಕೈಯಲ್ಲಿ ಇದ್ದದ್ದು ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಡೆಪಾ ತೈಲ. ಕಾಡಿಗೆ ಹೋಗ್ಬೇಡಿ ಅಂತ ಬ್ಯಾನರ್ ಕಟ್ಟೋದು ಸುಲಭ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಸೊಪ್ಪಿನ ಬೆಟ್ಟ ಇರೋ ಜಿಲ್ಲೆ ಇದು, ದರಕು (ಒಣಗಿದ ಎಲೆ) ಗುಡಿಸಿ ತರೋದು, ಕೊಟ್ಟಿಗೆಗೆ ಹಾಸೋದು ಎಲ್ಲ ಚಳಿಗಾಲದಿಂದ ಬೇಸಿಗೆ ಒಳಗೇ ಆಗ್ಬೇಕು, ಉಣುಗಿನ ಮರಿ ಮನುಷ್ಯರಿಗೆ ಕಚ್ಚೋದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಬ್ಯಾನರ್ ಓದಿ ಯಾರು ಬೆಟ್ಟ ಬಿಡ್ತಾರೆ?

ಪಿಎಚ್‌ಸಿಯವ್ರು (ಪ್ರಾಥಮಿಕ ಆರೋಗ್ಯ ಕೇಂದ್ರದವ್ರು) ಎಣ್ಣೆ ಹಂಚೋಕೆ ಜನ ಬೇಕು ಅಂದ್ರು. ನನಗೆ ಖುಷಿ, ಕೊನೆಗೂ ನಿಜವಾದ ಕೆಲಸ ಒಂದು ಸಿಕ್ತು ಅಂತ. ಗ್ರೂಪಿಗೆ ಉದ್ದ ಮೆಸೇಜ್ ಹಾಕಿದೆ, ಬೆಟ್ಟಕ್ಕೆ ಹೋಗುವಾಗ ಎಣ್ಣೆ ಹಚ್ಕೊಳಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಜ್ವರ ಬಂದ್ರೆ ಮಾತ್ರೆ ನುಂಗಿ ಮಲಗ್ಬೇಡಿ, ಇತ್ಯಾದಿ. ಕೊನೇ ಸಾಲು: "ಎಲ್ಲೇ ಮಂಗ ಸತ್ತಿದ್ದು ಕಂಡ್ರೂ ಕೂಡಲೇ ಗ್ರೂಪಿಗೆ ತಿಳಿಸಿ, ಫೋಟೋ ಹಾಕಿ." ಯೋಚನೆ ಮಾಡಿ ಬರೆದಿದ್ದಲ್ಲ, ಬೆರಳಿಗೆ ಅಭ್ಯಾಸ ಆಗಿತ್ತು.

ನಾಕೈದು ದಿನ ಕಳೆದು ಮಧ್ಯಾಹ್ನದ ಹೊತ್ತು, ಎಂಐಎಸ್ (ಆಫೀಸಿನ ಅಂಕಿ ಅಂಶದ) ರಿವ್ಯೂ ಕಾಲ್ ನಡೀತಿದೆ, ಮ್ಯಾನೇಜರ್ ಡ್ರಾಪ್‌ಡೌನ್ ಬಗ್ಗೆ ಹೇಳ್ತಿದಾರೆ, ಟೇಬಲ್ ಮೇಲೆ ಮೊಬೈಲ್ ಬೆಳಗಿತು. ಕೆಂಪು ಮೂತಿ ಮಂಗ, ದರಕಿನ ಮೇಲೆ ಬಿದ್ದಿದೆ. ಅಷ್ಟು ಹತ್ತಿರದಿಂದ ತೆಗೆದಿದಾರೆ ಅಂದ್ರೆ ಫ್ರೇಮಿನ ತುದಿಯಲ್ಲಿ ಹವಾಯಿ ಚಪ್ಪಲಿ ಹಾಕಿದ ಕಾಲು ಕಾಣ್ತಿದೆ. ಹಿಂದೆಯೇ ಎರಡನೇ ಫೋಟೋ, ಮಂಗದ ಪಕ್ಕ ಇಬ್ಬರೂ ನಿಂತಿದ್ದು, ಮೂಲೆಯಲ್ಲಿ ಅಕ್ಷಾಂಶ ರೇಖಾಂಶ ಸಮೇತ. ಅವರು ಮಾಡಿದ್ದು ನಾವು ಕಲಿಸಿದ್ದನ್ನೇ.

ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗುಗಳು ಅಲ್ಲೇ ಸುತ್ತ ನೆಲಕ್ಕೆ ಉದುರ್ತವೆ. ನಿಲ್ಲಬಾರದ ಜಾಗ ಅಂತ ಇಡೀ ಬೆಟ್ಟದಲ್ಲಿ ಒಂದು ಇದ್ರೆ ಅದೇ ಜಾಗ.

ಫೋನ್ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗೆ. ಇನ್ನೊಬ್ಬನಿಗೆ ಮಾಡಿದೆ, ಅದೂ ಅಷ್ಟೇ. ಅಲ್ಲಿ ರೇಂಜ್ ಸಿಗೋದು ಬೆಟ್ಟದ ಮೇಲ್ತುದಿಯಲ್ಲಿ ಮಾತ್ರ, ಹತ್ತಿ ಹೋಗಿ ಫೋಟೋ ಕಳಿಸಿ ವಾಪಸ್ ಇಳಿದಿದಾರೆ. ಅಲ್ಲಿಂದ ಕೂಡಲೇ ದೂರ ಬನ್ನಿ, ಮುಟ್ಬೇಡಿ ಅಂತ ವಾಯ್ಸ್ ಮೆಸೇಜ್ ಹಾಕಿದೆ, ಒಂದೇ ಟಿಕ್. ಆ ಕಡೆ ಗ್ರೂಪಲ್ಲಿ ಕೈಮುಗಿದ ಎಮೋಜಿ, ಓಂ ಶಾಂತಿ, ಒಬ್ಬ ಉಪ್ಪು ಹಾಕಿ ಹುಗೀರಿ ಅಂದ, ಇನ್ನೊಬ್ಬ ಸೀಮೆಎಣ್ಣೆ ಅಂದ, ಮತ್ತೊಬ್ಬಳು ಹನುಮಂತ ಅಲ್ವಾ, ಹೂವು ಹಾಕಿ ಪೂಜೆ ಮಾಡ್ದೆ ಹುಗೀಬೇಡಿ ಅಂದ್ಲು. ಇಷ್ಟು ಜನ ನಾಯಕರು, ಆರೋಗ್ಯ ಇಲಾಖೆಗೆ ಫೋನ್ ಮಾಡಿದೀನಿ ಅಂತ ಒಬ್ಬರೂ ಬರೀಲಿಲ್ಲ.

ಆಗ ಹುಡುಗರ ವಾಯ್ಸ್ ಬಂತು. "ಅಕ್ಕಾ, ನಾಯಿ ಎಳ್ಕೊಂಡು ಹೋಗತ್ತೆ, ನಾವೇ ಹುಗಿದು ಬಿಡ್ತೀವಿ, ಇವನು ಹಾರೆ ತರಕ್ಕೆ ಹೋಗಿದಾನೆ. ಹುಗಿಯೋವಾಗ ಒಂದು, ಹುಗಿದ ಮೇಲೆ ಒಂದು ಫೋಟೋ ಸಾಕಲ್ಲ?"

ಆ ಮಾತು ಇವತ್ತಿಗೂ ಕಿವೀಲಿದೆ. ವಾಪಸ್ ಕಾಲ್ ಮಾಡುವಷ್ಟರಲ್ಲಿ ಮತ್ತೆ ರೇಂಜ್ ಇಲ್ಲ.

ಪಿಎಚ್‌ಸಿ ಫೋನ್ ರಿಂಗ್ ಆಯ್ತು, ಎತ್ತಲಿಲ್ಲ, ಎಲ್ಲರೂ ಸರ್ವೆಗೆ ಹೋಗಿದ್ರು. ಎಕ್ಸೆಲ್ ತೆಗೆದೆ. ಹುಡುಗರ ಹೆಸರಿನ ಮುಂದೆ ಬ್ಯಾಚ್ ನಂಬರ್, ವಿದ್ಯಾರ್ಹತೆ, ಕೆಟಗರಿ, ಟೀ ಶರ್ಟ್ ಸೈಜ್ ಎಲ್ಲ ಇದೆ. ಆ ಊರಿನ ಆಶಾ ಯಾರು, ಪಕ್ಕದ ಮನೆಯ ನಂಬರ್ ಎಂತ, ಇಲ್ಲ. ಇಬ್ಬರಿಗೂ ಎಲ್ ಸೈಜ್ ಅಂತ ತಿಳ್ಕೊಂಡು ಏನು ಮಾಡ್ಲಿ ನಾನು?

ಮೊದಲ ಬ್ಯಾಚಿನಲ್ಲಿ ಒಬ್ಬರು ಆಶಾ ಅಕ್ಕ ಇದ್ರು, ಆಚೆ ಮಜರೆಯವ್ರು, ನೆನಪಾಯ್ತು. ಮೊದಲ ರಿಂಗಿಗೇ ಎತ್ತಿದ್ರು. ಗ್ರೂಪ್ ನೋಡಿದ್ರಾ ಅಂದೆ. "ಇಲ್ಲ ತಂಗಿ, ಮ್ಯೂಟ್ ಮಾಡಿಟ್ಟಿದೀನಿ, ಗುಡ್ ಮಾರ್ನಿಂಗ್ ಕಾಟ ತಡಿಯಕ್ಕಾಗಲ್ಲ." ವಿಷಯ ಹೇಳಿದೆ. ಎಲ್ಲಿ ಅಂದ್ರು, ನಾನು ಜಿಯೋಟ್ಯಾಗ್ ಓದೋಕೆ ಶುರು ಮಾಡಿದೆ. "ಆ ನಂಬರೆಲ್ಲ ಬೇಡ, ಯಾರ ಮನೆ ಬೆಟ್ಟ ಹೇಳು." ನನಗೆ ಗೊತ್ತಿರ್ಲಿಲ್ಲ. ಫೋಟೋ ಕಳಿಸಿದೆ, ಹಿಂದಿದ್ದ ಬಂಡೆ ನೋಡಿ ಗುರುತು ಹಿಡಿದ್ರು. ಮೈದುನನ್ನ ಬೈಕಲ್ಲಿ ಓಡಿಸಿ, ಪಶು ಇಲಾಖೆಗೆ ಒಂದು, ಫಾರೆಸ್ಟ್ ಗಾರ್ಡಿಗೆ ಒಂದು ಫೋನ್ ಮಾಡಿದ್ರು, ಎರಡೂ ನಂಬರ್ ಅವರ ಮೊಬೈಲಲ್ಲೇ ಇತ್ತು. ನಾನು ಲ್ಯಾಪ್‌ಟಾಪ್ ಮುಂದೆ ಕೂತೇ ಇದ್ದೆ, ಮ್ಯಾನೇಜರ್ "ಆರ್ ಯೂ ದೇರ್" ಅಂತಿದಾರೆ, ನನ್ನ ಕಣ್ಣು ಆ ಒಂದು ಟಿಕ್ ಮೇಲೆ.

ಮೈದುನ ಹೋಗಿ ತಲುಪುವಾಗ ಹಾರೆ ಬಂದಿತ್ತಂತೆ, ಗುಂಡಿ ಶುರು ಆಗಿರ್ಲಿಲ್ಲ. ಆಶಾ ಅಕ್ಕ ಇಬ್ಬರನ್ನೂ ಮನೆಗೆ ಕಳಿಸಿ, ಬಟ್ಟೆ ಬಿಸಿನೀರಿಗೆ ಹಾಕಿಸಿ, ಮೈ ತಿಕ್ಕಿ ಸ್ನಾನ ಮಾಡಿಸಿದ್ರು. ಸಂಜೆ ಡಾಕ್ಟರು ಬಂದು ಸ್ಯಾಂಪಲ್ ತೆಗೆದು, ಮಂಗನ್ನ ಸುಟ್ಟು, ಸುತ್ತ ಪೌಡರ್ ಹೊಡೆಸಿ ಹೋದ್ರು. ಉಣುಗು ಕಚ್ಚಿದ್ರೆ ಜ್ವರ ಕಾಣೋದಕ್ಕೆ ಮೂರರಿಂದ ಎಂಟು ದಿನ ಬೇಕು. ಅಷ್ಟೂ ದಿನ ಬೆಳಿಗ್ಗೆ ಸಂಜೆ ಫೋನ್ ಮಾಡಿ ಜ್ವರ ಇದ್ಯಾ ತಲೆನೋವು ಇದ್ಯಾ ಅಂತ ಕೇಳಿ ಕೇಳಿ ಹುಡುಗರಿಗೇ ಬೇಜಾರು ಬಂತು, ಒಬ್ಬನಿಗೆ ಬರೀ ಶೀತ ಆಗಿದ್ದಕ್ಕೆ ನನಗೆ ರಾತ್ರಿ ನಿದ್ದೆ ಇಲ್ಲ. ಏನೂ ಆಗಲಿಲ್ಲ. ಮಂಗದ ರಿಪೋರ್ಟೂ ನೆಗೆಟಿವ್ ಬಂತು.

ಆದ್ರೆ ಫೋಟೋ ಅಷ್ಟರಲ್ಲಿ ತಾಲೂಕು ದಾಟಿತ್ತು. ಅವತ್ತು ರಾತ್ರಿಯೇ ಯಲ್ಲಾಪುರದ ನಮ್ಮ ಚಿಕ್ಕಮ್ಮ ನನಗೇ ಫಾರ್ವರ್ಡ್ ಮಾಡಿದ್ರು, ಮಾರ್ಚಿನ ಮಾರಿಕಾಂಬಾ ಜಾತ್ರೆಗೆ ಯಾರೂ ಹೋಗ್ಬೇಡಿ ಅನ್ನೋ ಸಾಲು ಸೇರಿಸಿ. ಆ ಬೆಟ್ಟ ಯಾರದ್ದೋ ಅವರ ಮನೆಗೆ ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಕೊಯ್ಯೋನು) ಬರಲ್ಲ ಅಂದ, ಕೊನೇ ಕೊಯ್ಲು ಮರದಲ್ಲೇ ನಿಂತ್ಕೊಂಡಿತು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ ಅಂತ ನಾನು ಅವರ ಮನೆಗೇ ಹೋಗಿ ಹೇಳಿದೆ. ಯಜಮಾನ್ರು ಚಾ ಕೊಟ್ಟು, "ಅದು ನಮಗೆ ಗೊತ್ತು, ಕೊನೆಗೌಡನಿಗೆ ಹೇಳಿ ಬನ್ನಿ" ಅಂದ್ರು. ಹೋದೆ. ಅವನು ಹ್ಞೂಂ ಅಂದು ಒಳಗೆ ಹೋದ.

ಮ್ಯಾನೇಜರ್‌ಗೆ ಎಲ್ಲ ಬರೆದು ಕಳಿಸಿದೆ. ನೆಗೆಟಿವ್ ಬಂತಲ್ಲ, ಇದೊಂದು ಒಳ್ಳೇ ಕೇಸ್ ಸ್ಟಡಿ ಆಗತ್ತೆ, ಹೈ ರೆಸೊಲ್ಯೂಷನ್ ಫೋಟೋ ಇದ್ಯಾ ಅಂತ ಕೇಳಿದ್ರು.

ಆಮೇಲೆ ನಾನು ಮಾಡಿದ್ದು ದೊಡ್ಡದೇನಲ್ಲ. ಗ್ರೂಪಿನಲ್ಲಿ ಅಡ್ಮಿನ್ ಬಿಟ್ಟು ಯಾರೂ ಬರೆಯೋ ಹಾಗಿಲ್ಲ ಅಂತ ಮಾಡಿದೆ, ಶುಭೋದಯದವ್ರು ಬೇಜಾರಾಗಿ ಬೇರೆ ಗ್ರೂಪ್ ಮಾಡ್ಕೊಂಡ್ರು, ಒಳ್ಳೇದೇ ಆಯ್ತು. ಟೀ ಶರ್ಟ್ ಕಾಲಮ್ ಅಳಿಸಿ ಆಶಾ, ಡೇರಿ ಸೆಕ್ರೆಟರಿ, ಲೈನ್‌ಮನ್, ರೇಂಜ್ ಸಿಗೋ ಮನೆ ಅಂತ ಕಾಲಮ್ ಹಾಕಿದೆ. ಅವನ್ನ ತುಂಬೋಕೆ ಪ್ರತೀ ಊರಿಗೆ ಹೋಗ್ಲೇ ಬೇಕಾಯ್ತು, ಹೋದಾಗ್ಲೇ ಗೊತ್ತಾಗಿದ್ದು ಪಟ್ಟಿಯಲ್ಲಿರೋ ಎಷ್ಟೋ ಜನ ಊರಲ್ಲೇ ಇಲ್ಲ ಅಂತ, ಬೆಂಗಳೂರು ಸೇರಿದಾರೆ, ಹುಬ್ಬಳ್ಳಿ, ಮಂಗಳೂರು ಸೇರಿದಾರೆ. ಅವರನ್ನ ಶ್ರಮದಾನಕ್ಕೆ ಕರೆದು ಏನು ಪ್ರಯೋಜನ. ಆದ್ರೆ ನಮ್ಮ ಜಿಲ್ಲೆಯವ್ರು ದೊಡ್ಡ ಕಾಯಿಲೆ ಅಂದ್ರೆ ಓಡೋದು ಹುಬ್ಬಳ್ಳಿಗೆ, ಮಣಿಪಾಲಕ್ಕೆ, ಮಂಗಳೂರಿಗೇ ತಾನೇ. ಹುಬ್ಬಳ್ಳಿಯಲ್ಲಿ ಕೆಲಸ ಮಾಡೋ ಒಬ್ಬ ಹುಡುಗ ಈಗ ಊರಿಂದ ಪೇಶೆಂಟ್ ಬಂದ್ರೆ ಯಾವ ಬ್ಲಾಕು, ಯಾವ ಚೀಟಿ, ರಾತ್ರಿ ಜೊತೆಗಿರೋರು ಎಲ್ಲಿ ಮಲಗೋದು ಅಂತ ನೋಡ್ಕೊಳ್ತಾನೆ. ತರಬೇತಿಯಲ್ಲಿ ಒಂದೂ ಮಾತಾಡಿರ್ಲಿಲ್ಲ ಅವನು, ಫೀಡ್‌ಬ್ಯಾಕ್ ಫಾರ್ಮಿನಲ್ಲಿ ನಾನೇ "ಲೋ ಪಾರ್ಟಿಸಿಪೇಷನ್" ಅಂತ ಬರೆದಿದ್ದೆ.

ಹೊಸ ಬ್ಯಾಚಿಗೆ ಭಾಷಣದ ಒಂದು ಸೆಷನ್ ತೆಗೆದು, ಫೋನಲ್ಲಿ ಸುದ್ದಿ ಮುಟ್ಟಿಸೋದು ಹೇಗೆ ಅಂತ ಮಾಡಿಸ್ತೀನಿ. ಯಾರ ಮನೆ ಬೆಟ್ಟ, ದಾರಿ ಯಾವ ಕಡೆ, ನೀನು ಈಗ ನಿಂತಿರೋದು ಎಲ್ಲಿ, ಇನ್ಯಾರಿಗೆ ಹೇಳಿದೀಯಾ. ಹುಡುಗರು ನಗ್ತಾರೆ, ಇದೆಂತ ಅಕ್ಕ ಲೀಡರ್‌ಶಿಪ್ ಅಂತ. ನಗ್ಲಿ.

ಆಕ್ಟಿವ್ ಆಲುಮ್ನಿ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿದಿದೆ, ಶುಕ್ರವಾರದೊಳಗೆ ವಿವರಣೆ ಕೊಡಿ ಅಂತ ಮೇಲ್ ಬಂದಿದೆ. ಕಾರಣ ಆರಿಸೋಕೆ ಡ್ರಾಪ್‌ಡೌನ್ ಕೊಟ್ಟಿದಾರೆ: ಮದುವೆ, ವಲಸೆ, ಆಸಕ್ತಿ ಕಡಿಮೆ, ಇತರೆ. ಆಶಾ ಅಕ್ಕನ ಹೆಸರಿನ ಮುಂದೆ ಸದ್ಯಕ್ಕೆ ಇತರೆ ಅಂತ ಹಾಕಿದೀನಿ.