ಲುನ್ಯು ಓದುವವರು ಎಡವುವ ಜಾಗಗಳು

ಚೀನಾದ ಪ್ರಾಚೀನ ಗ್ರಂಥ ಲುನ್ಯು ಚಿಂತಕ ಕನ್‌ಫ್ಯೂಷಿಯಸ್ ಬರೆದ ಪುಸ್ತಕ ಎಂದುಕೊಂಡು ಕೂತವರಿಗೆ ಹತ್ತು ಪುಟದೊಳಗೇ ದಿಕ್ಕು ತಪ್ಪುತ್ತದೆ. ವಾದ ಬೆಳೆಯುವುದಿಲ್ಲ, ಹೇಳಿದ್ದೇ ಮತ್ತೆ ಬರುತ್ತದೆ. ಅದು ಕನ್‌ಫ್ಯೂಷಿಯಸ್ ತಾವೇ ಬರೆದದ್ದಲ್ಲ. ಲೂ ರಾಜ್ಯದಲ್ಲಿ, ಅಂದರೆ ಇಂದಿನ ಷಾನ್‌ಡಾಂಗ್ ಪ್ರಾಂತ್ಯದಲ್ಲಿ, ಕ್ರಿ.ಪೂ. 551ರಿಂದ 479ರವರೆಗೆ ಬದುಕಿದರೆನ್ನುವ ಈ ಗುರುವಿನ ಮಾತುಗಳನ್ನು ಶಿಷ್ಯರೂ ಅವರ ಶಿಷ್ಯರೂ ನೆನಪಿಟ್ಟು ಕೂಡಿಸಿದ್ದು. 20 ಅಧ್ಯಾಯ, ಸುಮಾರು 500 ತುಣುಕು, ಹೆಚ್ಚುಕಡಿಮೆ 16,000 ಚೀನೀ ಅಕ್ಷರ.

ಅಧ್ಯಾಯದ ಹೆಸರಿನಿಂದ ವಿಷಯ ಊಹಿಸಬೇಡಿ. ಅಧ್ಯಾಯದ ಆರಂಭದಲ್ಲಿ 'ಗುರು ಹೇಳಿದರು' ಎಂದಿದ್ದರೆ ಅದನ್ನು ಬಿಟ್ಟು ಮೊದಲ ಎರಡು-ಮೂರು ಅಕ್ಷರಗಳನ್ನೇ ಹೆಸರು ಮಾಡಿದ್ದಾರೆ. ಮೊದಲನೆಯದರ ಹೆಸರಿನ ಅರ್ಥ ಬರೀ 'ಕಲಿತು, ಮತ್ತು'. ಹೊಲಿಗೆಯ ಗುರುತುಗಳೂ ಕಾಣುತ್ತವೆ. ಸವಿಮಾತು, ನಯದ ಮುಖ ಇರುವಲ್ಲಿ 'ರೆನ್' (ಸ್ಥೂಲವಾಗಿ, ಮಾನವೀಯತೆ) ಅಪರೂಪ ಎಂಬ ಸಾಲು 1ನೇ ಅಧ್ಯಾಯದಲ್ಲೂ ಇದೆ, 17ರಲ್ಲೂ ಇದೆ. 16ಕ್ಕೆ ಬರುವಾಗ ಧಾಟಿಯೇ ಬೇರೆ: ಮೂರು ಬಗೆಯ ಸ್ನೇಹ ಒಳ್ಳೆಯದು, ಮೂರು ಬಗೆಯದು ಕೆಟ್ಟದ್ದು ಎಂಬ ಪಟ್ಟಿಗಳು. ಕೊನೆಯ 5 ಅಧ್ಯಾಯ ತಡವಾಗಿ ಸೇರಿದವು ಎಂದು ಚಿಂಗ್ ರಾಜವಂಶದ ಕಾಲದ (1644–1912) ಪಂಡಿತ ತ್ಸುಯ್ ಶೂ ಹೇಳಿದ್ದರಲ್ಲಿ ಹುರುಳಿದೆ. ಹಾನ್ ರಾಜವಂಶದ ಕಾಲದಲ್ಲಂತೂ (ಕ್ರಿ.ಪೂ. 206–ಕ್ರಿ.ಶ. 220) 20, 21, 22 ಅಧ್ಯಾಯಗಳ ಮೂರು ಪಾಠಾಂತರಗಳೇ ಇದ್ದವು.

ಇನ್ನು ಶೈಲಿ. ಯಾರು ಕೇಳಿದರು ಎಂಬುದನ್ನು ಬಿಟ್ಟು ಉತ್ತರವನ್ನಷ್ಟೇ ಎತ್ತಿಕೊಂಡರೆ ಅರ್ಥ ಕೆಡುತ್ತದೆ. 11ನೇ ಅಧ್ಯಾಯದಲ್ಲಿ ಶಿಷ್ಯ ತ್ಸಿಲು ಕೇಳುತ್ತಾನೆ: ಕೇಳಿ ತಿಳಿದದ್ದನ್ನು ಕೂಡಲೇ ಮಾಡಬೇಕೇ? ತಂದೆ, ಅಣ್ಣಂದಿರು ಇರುವಾಗ ಹಾಗೆ ಹೇಗೆ ಮಾಡುತ್ತೀ ಎನ್ನುತ್ತಾರೆ ಗುರು. ಇನ್ನೊಬ್ಬ ಶಿಷ್ಯ ರಾನ್ ಯೌ ಅದನ್ನೇ ಕೇಳಿದರೆ, 'ಮಾಡು' ಎನ್ನುತ್ತಾರೆ. ಮೂರನೆಯ ಶಿಷ್ಯ ಗೊಂದಲಗೊಂಡಾಗ ಕಾರಣ ಬರುತ್ತದೆ: ರಾನ್ ಯೌ ಹಿಂಜರಿಯುವವನು, ತಳ್ಳಿದೆ, ತ್ಸಿಲುಗೆ ಇಬ್ಬರಷ್ಟು ಹುರುಪು, ತಡೆದೆ. 'ರೆನ್' ಎಂಬುದಕ್ಕೆ ಒಂದೇ ವ್ಯಾಖ್ಯೆ ಸಿಗದಿರುವುದೂ ಇದರಿಂದಲೇ. ಅದನ್ನು ಎಲ್ಲೆಡೆ 'ಕರುಣೆ' ಎಂದುಬಿಡುವುದಕ್ಕಿಂತ 'ರೆನ್' ಎಂದೇ ಉಳಿಸುವುದು ಮೇಲು.

ಮೂಲದಲ್ಲಿ ವಿರಾಮಚಿಹ್ನೆಗಳಿರಲಿಲ್ಲ. 8ನೇ ಅಧ್ಯಾಯದಲ್ಲಿ 10 ಅಕ್ಷರದ ಒಂದು ಸಾಲಿದೆ. ರೂಢಿಯಂತೆ ನಡುವೆ ಒಂದೇ ಕಡೆ ತಡೆದರೆ, 'ಜನರನ್ನು ಹಿಂಬಾಲಿಸುವಂತೆ ಮಾಡಬಹುದು, ಅರಿಯುವಂತೆ ಮಾಡಲಾಗದು'. ತಡೆಗಳನ್ನು ಬದಲಿಸಿದರೆ, 'ಜನ ಸಮರ್ಥರಾದರೆ ಅವರ ಪಾಡಿಗೆ ಬಿಡಿ, ಅಲ್ಲವಾದರೆ ತಿಳಿಹೇಳಿ'. ಎರಡನೆಯದು ಇಂದಿನ ಕಿವಿಗೆ ಹಿತ. ಹಿತವೆಂಬ ಕಾರಣಕ್ಕೇ ಅದನ್ನು ಆರಿಸಿಕೊಳ್ಳಬಾರದು.

ರಾಜ್ಯಾಡಳಿತದ ಬಗ್ಗೆ ಕೇಳಿದ ಚೀ ದೇಶದ ದೊರೆಗೆ ಸಿಕ್ಕ ಉತ್ತರ 8 ಅಕ್ಷರ: ಅರಸ ಅರಸ, ಮಂತ್ರಿ ಮಂತ್ರಿ, ತಂದೆ ತಂದೆ, ಮಗ ಮಗ. ಪ್ರತಿ ಜೋಡಿಯಲ್ಲಿ ಎರಡನೆಯದು ಕ್ರಿಯಾಪದ. ಕನ್ನಡಕ್ಕೆ ತರುವಾಗ 'ಅರಸನಾಗಿರಲಿ' ಎನ್ನಬೇಕೋ 'ಅರಸನಾಗಿರುವುದು' ಎನ್ನಬೇಕೋ ಆರಿಸಲೇಬೇಕು, ಮೂಲ ಆರಿಸುವುದಿಲ್ಲ.

ಆದರೆ ಲುನ್ಯುವಿನ ಮೊದಲ ಸಾಲಿನಲ್ಲಿ ಕನ್ನಡ ಚೆನ್ನಾಗಿ ಒದಗುತ್ತದೆ. ಸಾಲಿನ ಕೊನೆಯ 'ಹು' ಎಂಬ ಪ್ರಶ್ನಾರ್ಥಕ ಅವ್ಯಯವನ್ನು ಕೈಬಿಟ್ಟು ಹಲವರು ಆ ಸಾಲನ್ನು ಬೋಧನೆ ಮಾಡಿಬಿಡುತ್ತಾರೆ. ಅದು ಪ್ರಶ್ನೆ: ಕಲಿತು, ಹೊತ್ತುಹೊತ್ತಿಗೆ ರೂಢಿಸಿಕೊಳ್ಳುವುದು ಸಂತೋಷವಲ್ಲವೇ?