ರಜೆ ದಿನ ಎಲ್ಲೂ ಹೋಗಲ್ವಾ?

ನನಗೆ ವಾರದ ರಜೆ ಮಂಗಳವಾರ. ಕೆಲಸ ಔಷಧಿ ಅಂಗಡಿಯಲ್ಲಿ. ಪಕ್ಕದ ಮನೆಯವರು, ಅಂಗಡಿಗೆ ಬರುವವರು, ಮದುವೆ ಮನೆಯಲ್ಲಿ ಸಿಕ್ಕ ನೆಂಟರು, ಎಲ್ಲರೂ ಕೇಳುವುದು ಒಂದೇ ಮಾತು. "ರಜೆ ದಿನಾನೂ ಆ ನಾಯಿಗಳನ್ನ ಹಿಡ್ಕೊಂಡು ಮೈಸೂರಲ್ಲೇ ಸುತ್ತುತ್ತೀಯಲ್ಲ, ಬೇಜಾರಾಗಲ್ವಾ? ಊಟಿಗೋ ಕೊಡಗಿಗೋ ಹೋಗಿ ಬರಬಾರದಾ?" ನಿಂತಲ್ಲೇ ಹೇಳಹೊರಟರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಬೇಜಾರಾಗಲ್ಲ. ವಾರಕ್ಕೆ ಆರು ದಿನ ಚೀಟಿ ಓದುತ್ತೇನೆ, ಮಾತ್ರೆ ಎಣಿಸುತ್ತೇನೆ, ಮುಂದಿನವರನ್ನು ಕರೆಯುತ್ತೇನೆ. ಯಾವುದರ ಮುಂದೆಯೂ ಐದು ನಿಮಿಷ ನಿಲ್ಲುವ ಹಾಗಿಲ್ಲ. ಬಸ್ ಹಿಡಿದು ಊಟಿಗೆ ಓಡಿದರೆ ಅದೂ ಗಡಿಯಾರದ ಜೊತೆಗಿನ ಓಟವೇ. ನನಗೆ ಬೇಕಾಗಿರುವುದು ನಿಲ್ಲುವುದಕ್ಕೆ ಒಂದು ದಿನ.

ನಿಲ್ಲುವುದನ್ನು ನನಗೆ ಕಲಿಸಿದ್ದು ಕೆಂಚ ಮತ್ತು ಮಲ್ಲಿ. ಎರಡೂ ನಾಟಿ ನಾಯಿಗಳು. ಕೆಂಚ ನಮ್ಮ ರಸ್ತೆಯ ಮೋರಿ ಪಕ್ಕ ಸಿಕ್ಕ ಮರಿ, ಈಗ ನಾಲ್ಕು ವರ್ಷ. ಮಲ್ಲಿಗೆ ಹನ್ನೆರಡು, ಕಿವಿ ಮಂದ. ಮೊದಮೊದಲು ಅವು ಒಂದು ಕಂಬದ ಬುಡ ಮೂಸುತ್ತಾ ನಿಂತರೆ ಹಗ್ಗ ಜಗ್ಗಿ ಎಳೆಯುತ್ತಿದ್ದೆ. ಅದನ್ನು ನೆನೆದರೆ ಈಗಲೂ ನೋವಾಗುತ್ತದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಸುಮಾರು 50-60 ಲಕ್ಷ. ನಾಯಿಯ ಮೂಗಿನಲ್ಲಿ 10 ಕೋಟಿಗೂ ಜಾಸ್ತಿ. ರಾತ್ರಿ ಯಾರು ಬಂದರು, ಯಾವ ಕಡೆ ಹೋದರು ಅನ್ನುವುದೆಲ್ಲ ಆ ಕಂಬದ ಬುಡದಲ್ಲಿ ಅವಕ್ಕೆ ಸಿಗುತ್ತದೆ. ಓದುತ್ತಾ ಕೂತವರ ಕೈಯಿಂದ ಪೇಪರ್ ಕಿತ್ತುಕೊಂಡ ಹಾಗೆ ನಾನು ಎಳೆಯುತ್ತಿದ್ದೆ, ಅಲ್ವಾ? ಈಗ ಮಂಗಳವಾರದ ನಡಿಗೆ ಪೂರ್ತಿ ಅವುಗಳ ಲೆಕ್ಕದಲ್ಲೇ ನಡೆಯುತ್ತದೆ.

ನಾವು ಹೋಗುವುದು ಚಾಮುಂಡಿ ಬೆಟ್ಟದ ಬುಡದ ಕಡೆ, ಉತ್ತನಹಳ್ಳಿ ದಾರಿಯ ಆಸುಪಾಸಿನ ಖಾಲಿ ಸೈಟುಗಳಿಗೆ. ಬೆಟ್ಟದ ಕಾಡಿನೊಳಕ್ಕೆ ನಾಯಿ ಕರೆದುಕೊಂಡು ಹೋಗುವುದಿಲ್ಲ. ಅಲ್ಲಿ ಚಿರತೆ ಇವೆ, ಚಿರತೆಗೆ ನಾಯಿ ಸುಲಭದ ಬೇಟೆ. ಹಾಗಾಗಿ ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡುತ್ತೇವೆ, ಹಗ್ಗ ಬಿಚ್ಚುವುದಿಲ್ಲ, ಬಿಸಿಲು ಏರುವ ಮೊದಲೇ ವಾಪಸ್. ಬೇಸಿಗೆಯಲ್ಲಿ ಟಾರು ರಸ್ತೆಗೆ ಕೈಯ ಹಿಂಭಾಗ ಒತ್ತಿ ನೋಡುತ್ತೇನೆ. ನನಗೆ ತಡೆಯಲಾಗದಷ್ಟು ಬಿಸಿಯಿದ್ದರೆ ಅವುಗಳ ಪಾದಕ್ಕೂ ಅದು ಬೆಂಕಿಯೇ.

ಇನ್ನು ನಿಧಿಯ ವಿಷಯ. "ನಿಧಿ ಹುಡುಕೋಕೆ ಹೋಗ್ತೀನಿ" ಅಂದರೆ ನಮ್ಮ ಕಡೆ ಜನ ಗಾಬರಿಯಾಗುತ್ತಾರೆ. ಆಗಬೇಕಾದ್ದೇ. ನಿಧಿ ಆಸೆಗೆ ಹಳೇ ಗುಡಿಗಳ ನೆಲ ಅಗೆದು, ನಂದಿ ವಿಗ್ರಹ ಒಡೆದು ಹಾಕುವವರನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ನೆಲದೊಳಗೆ ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸಬೇಕು ಅನ್ನುವ ಕಾಯ್ದೆ 1878ರಿಂದಲೇ ಇದೆ. ನಮ್ಮದು ಬೇರೆ ಆಟ. ಇದರಲ್ಲಿ ಅಗೆಯುವ ಹಾಗೇ ಇಲ್ಲ.

ಇದರ ಹೆಸರು ಜಿಯೋಕ್ಯಾಶಿಂಗ್. ಒಬ್ಬರು ಬಚ್ಚಿಟ್ಟ ಡಬ್ಬಿಯನ್ನು ಇನ್ನೊಬ್ಬರು ಜಿಪಿಎಸ್ ನೆರವಿನಿಂದ ಹುಡುಕುವ ಆಟ. ಜಿಪಿಎಸ್ ಸಂಕೇತವನ್ನು ಜನಸಾಮಾನ್ಯರಿಗೆ ಬೇಕಂತಲೇ ಮಸುಕು ಮಾಡಿ ಕೊಡುತ್ತಿದ್ದ ಅಮೆರಿಕ 2000ನೇ ಇಸವಿಯ ಮೇ ತಿಂಗಳ ಶುರುವಿನಲ್ಲಿ ಅದನ್ನು ನಿಲ್ಲಿಸಿತು. ಮೇ 3ರಂದೇ ಒರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬಾತ ಒಂದು ಡಬ್ಬಿಯನ್ನು ಕಾಡಂಚಿನಲ್ಲಿಟ್ಟು, ಜಾಗದ ಅಂಕಿಗಳನ್ನು, ಅಂದರೆ ಅಕ್ಷಾಂಶ ರೇಖಾಂಶಗಳನ್ನು, ಎಲ್ಲರಿಗೂ ತಿಳಿಸಿದ. ಡಬ್ಬಿಯಲ್ಲಿ ಒಂದು ಪುಸ್ತಕ ಇರುತ್ತದೆ. ಸಿಕ್ಕವರು ಹೆಸರು, ತಾರೀಖು ಬರೆಯಬೇಕು. ಒಳಗಿರುವ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ತಿನ್ನುವ ಪದಾರ್ಥ ಇಡಬಾರದು, ಪ್ರಾಣಿಗಳು ಬಂದು ಡಬ್ಬಿ ಕಚ್ಚಿ ಹಾಕುತ್ತವೆ.

ನಾನು ಮತ್ತು ನನ್ನ ತಂಗಿಯ ಒಂಬತ್ತು ವರ್ಷದ ಮಗಳು ಇದನ್ನು ನಮ್ಮ ಮನೆ ಮಟ್ಟಕ್ಕೆ ಇಳಿಸಿಕೊಂಡಿದ್ದೇವೆ. ಅವಳಿಗೆ ರಜೆ ಭಾನುವಾರ, ನನಗೆ ಮಂಗಳವಾರ. ಇರುವುದು ಒಂದೇ ಸ್ಟೀಲ್ ಡಬ್ಬಿ. ಭಾನುವಾರ ಅವಳು ಅಪ್ಪನ ಜೊತೆ ಬಂದು ಬಚ್ಚಿಟ್ಟು ಹೋಗುತ್ತಾಳೆ, 12 ಮತ್ತು 76ರಿಂದ ಶುರುವಾಗುವ ಎರಡು ಉದ್ದದ ಅಂಕಿ ಕಳಿಸುತ್ತಾಳೆ. ಮಂಗಳವಾರ ನಾನು ಹುಡುಕಿ, ಅವಳಿಗಾಗಿ ಬೇರೆ ಕಡೆ ಇಡುತ್ತೇನೆ. ಸೈಟಿನವರನ್ನು ಕೇಳಿಯೇ ಇಡುವುದು.

ಕಳೆದ ವಾರದ್ದು ಹೇಳುತ್ತೇನೆ. ಫೋನು "ತಲುಪಿದಿರಿ" ಅಂದಿತು. ತೆರೆದ ಬಯಲಲ್ಲೂ ಫೋನಿನ ಲೆಕ್ಕ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ. ಅಲ್ಲಿಂದ ಮುಂದೆ ಕಣ್ಣೇ ಗತಿ. ಹೂ ಬಿಟ್ಟ ತಂಗಡಿ ಗಿಡ, ಒಂದು ಲಂಟಾನ ಪೊದೆ, ಯಾರೋ ಮನೆ ಕಟ್ಟಲು ತಂದು ಹಾಕಿದ ಸೈಜುಗಲ್ಲಿನ ರಾಶಿ. ಇಪ್ಪತ್ತು ನಿಮಿಷ ಹುಡುಕಿದೆ, ಸಿಗಲಿಲ್ಲ. ಮಲ್ಲಿ ನೆರಳಲ್ಲಿ ಮಲಗಿಬಿಟ್ಟಳು. ಕೆಂಚ ಮಾತ್ರ ಒಂದು ಕಲ್ಲಿನ ಸಂದಿಗೆ ಮೂಗಿಟ್ಟು ಅಲ್ಲಾಡಲಿಲ್ಲ. ಉಸಿರು ಬಿಟ್ಟಾಗಲೆಲ್ಲ ಸಂದಿಯ ಧೂಳು ಸಣ್ಣಗೆ ಏಳುತ್ತಿತ್ತು. ಬಾಲ ನೆಟ್ಟಗೆ, ತುದಿ ಮಾತ್ರ ನಡುಗುತ್ತಿತ್ತು. ಕೈ ಹಾಕಿದೆ, ಡಬ್ಬಿ! ಹುಡುಗಿ ಕೋಡುಬಳೆ ತಿಂದ ಕೈಯಲ್ಲೇ ಮುಚ್ಚಳ ಹಾಕಿದ್ದಳಂತೆ. ಎರಡು ದಿನದ ಹಿಂದಿನ ಎಣ್ಣೆಯ ವಾಸನೆ.

ಒಳಗೆ ಒಂದು ನೀಲಿ ಗೋಲಿ, ಒಂದು ಗುಲಾಬಿ ಬಣ್ಣದ ಕಲ್ಲಿನ ಚೂರು. ಬೆಟ್ಟದ ಗ್ರಾನೈಟ್ ಅದು, ಸುಮಾರು 80 ಕೋಟಿ ವರ್ಷ ಹಳೆಯದು. ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಸುಮ್ನೆ ನಿಂತಿದ್ದೆ.

ಬರುವಾಗ ಬೇಲಿಯಲ್ಲಿ ಗುಲಗಂಜಿ ಕಾಯಿ ಒಡೆದು ನಿಂತಿತ್ತು. ಕೆಂಪು ಮೈ, ಒಂದೇ ಒಂದು ಕಪ್ಪು ಚುಕ್ಕೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ ಇದೇ. ಆದರೆ ಅಗಿದರೆ ಕಡು ವಿಷ, ಮಕ್ಕಳ ಬಾಯಿಗೂ ನಾಯಿ ಬಾಯಿಗೂ ಸಿಗಬಾರದು. ಐದು ಬಿಡಿಸಿಕೊಂಡು ಮುಚ್ಚಳದ ಶೀಶೆಗೆ ಹಾಕಿದೆ. ಅದು ಡಬ್ಬಿಗೆ ಹೋಗುವುದಿಲ್ಲ, ನನ್ನ ಬೀರುವಿಗೆ.

ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ನಾಯಿಗಳಿಗೆ ಉಪ್ಪು, ಈರುಳ್ಳಿ ಹಾಕದ ಮುದ್ದೆ. ಈರುಳ್ಳಿ ಅವುಗಳ ರಕ್ತಕ್ಕೆ ಕೆಟ್ಟದ್ದು. ಆಮೇಲೆ ಅವು ಗೊರಕೆ ಹೊಡೆಯುತ್ತವೆ, ನಾನು ಕಾಸಿನ ಡಬ್ಬಿ ತೆಗೆಯುತ್ತೇನೆ.

ನನ್ನ ಬಳಿ ಇರುವುದು ನಾಲ್ಕೇ ಹಳೇ ಕಾಸು. ಅದರಲ್ಲಿ ಒಂದು ಅಜ್ಜಿಯ ದೇವರ ಮನೆಯದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸು. ಒಂದು ಮುಖದಲ್ಲಿ ಸಿಂಹ, ಜೊತೆಗೆ ಕನ್ನಡದಲ್ಲಿ "ಶ್ರೀ ಚಾಮುಂಡಿ". ಅಜ್ಜಿ ಪ್ರತಿ ಶುಕ್ರವಾರ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಪೂಜೆಗೆ ಇಡುತ್ತಿದ್ದರು. ಹುಣಸೆಯ ಹುಳಿ ತಾಮ್ರವನ್ನು ತಿನ್ನುತ್ತದೆ. ಹಳೇ ಕಾಸು ಇಟ್ಟುಕೊಂಡವರು ದಯವಿಟ್ಟು ತಿಕ್ಕಬೇಡಿ, ಆ ಕಪ್ಪು ಪದರವೇ ಅದಕ್ಕೆ ರಕ್ಷೆ. ಅಜ್ಜಿಯ ಸಿಂಹ ಈಗ ಕಣ್ಣಿಗೆ ಕಾಣುವುದೇ ಇಲ್ಲ.

ಆದರೆ ಕಾಗದಕ್ಕೆ ಕಾಣುತ್ತದೆ. ಮೊನ್ನೆ ತೆಳು ಕಾಗದ ಮೇಲಿಟ್ಟು ಮೆತ್ತನೆ ಪೆನ್ಸಿಲನ್ನು ಮಲಗಿಸಿ ಮೆಲ್ಲಗೆ ಸವರಿದೆ. ಮೊದಲು ಬಾಲ ಬಂತು. ಆಮೇಲೆ ಬೆನ್ನು, ಎತ್ತಿದ ಒಂದು ಕಾಲು. ಅಕ್ಷರದಲ್ಲಿ "ಚಾ" ಮಾತ್ರ.

ಆ ಕಾಗದ ಮಡಚಿ ಡಬ್ಬಿಗೆ ಹಾಕಿದೆ, ಭಾನುವಾರಕ್ಕೆ. ಈ ಸಲ ಮುಚ್ಚಳ ಹಾಕುವ ಮೊದಲು ಕೈಯನ್ನು ಸೋಪು ಹಾಕಿ ತೊಳೆದುಕೊಂಡೆ. ಕೆಂಚ ಎದ್ದು ಬಂದು ಡಬ್ಬಿಯನ್ನು ಒಂದು ಸುತ್ತು ಮೂಸಿ, ಮತ್ತೆ ಮಲ್ಲಿಯ ಪಕ್ಕ ಹೋಗಿ ಮಲಗಿದ.